ಮೈಲಾರಿ ಬೇಡವೆಂದ ಹೂಗಳು

ತಡಸದ ಮೈಲಾರಿ ತನ್ನ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ಹಸಿರು ಸೇವಂತಿಗೆ ಹಚ್ಚಿದಾಗ ಹೆಂಡತಿ ನೀಲಾ ನಕ್ಕಿದ್ದಳು. "ಎಲಿ ಬಣ್ಣದ ಹೂ ಯಾರ ಮುಡಕೋತಾರ್ರಿ?" ಮುಡಿಯುವ ಹೂವಲ್ಲ ಅದು, ಉದ್ದ ಕಡ್ಡಿಯ ಸಮೇತ ಹುಬ್ಬಳ್ಳಿಯ ಮದುವೆ ಮಂಟಪಗಳಿಗೆ ಹೋಗುತ್ತಿತ್ತು. ಯಾವುದನ್ನು ಕೊಯ್ಯಬೇಕು, ಯಾವುದನ್ನು ಬಿಡಬೇಕು ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಅವಳು ಎಂದೂ ಕೇಳಿರಲಿಲ್ಲ.

ಯುಗಾದಿ ಮುಗಿದ ವಾರ ಅವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋದವು. ಆಸ್ಪತ್ರೆಯಿಂದ ಮನೆಗೆ ತಂದ ಮೂರನೇ ದಿನ ಹೂವಿನ ವ್ಯಾಪಾರಿ ಅಲ್ತಾಫನ ಫೋನು ಬಂತು.

"ನಾಳೆ ಮುಂಜಾನೆ ಗಾಡಿ ತರ್ತೇನಿ, ಅಕ್ಕಾ. ನಿಮಗ ಆಗೂದಿಲ್ಲಂದ್ರ ಈಗ ಹೇಳಿಬಿಡ್ರಿ."

"ಕೊಡ್ತೇನಿ ಬಾ," ಎಂದುಬಿಟ್ಟಳು ನೀಲಾ.

ನಸುಕಿಗೇ ಕತ್ತರಿ ಹಿಡಿದು ಹೋಗಿ, ಚೆನ್ನಾಗಿ ಅರಳಿದವನ್ನೇ ಒಂದು ತೆಕ್ಕೆ ಕೊಯ್ದು ತಂದು ಅವನ ಮಂಚದ ಮೇಲೆ ಹರವಿದಳು. ಮೈಲಾರಿ ಎಡಗೈಯಿಂದ ಒಂದೊಂದಾಗಿ ಕೆಳಕ್ಕೆ ನೂಕತೊಡಗಿದ.

"ಏನ ತಪ್ಪಾತ್ರಿ? ನನಗ ತಿಳಿವಲ್ದು!" ಅವನ ಭುಜ ಹಿಡಿದು ಅಲುಗಾಡಿಸಿದಳು. ಅವನ ಕಣ್ಣಲ್ಲಿ ನೀರು ಕಂಡು ಕೈ ಬಿಟ್ಟಳು.

ಅವನು ಉಳಿದಿದ್ದ ಕೊನೆಯ ಹೂವಿನ ನಡುವೆ ಹೆಬ್ಬೆರಳು ಒತ್ತಿ ತೋರಿಸಿದ. ಅಲ್ಲಿ ಹಳದಿ ಇಣುಕಿತ್ತು; ಹೂ ಬಲಿತುಬಿಟ್ಟಿತ್ತು.

ಮತ್ತೆ ಓಡಿದಳು. ಹೊರಗಿನ ಎಸಳು ಬಿಚ್ಚಿಕೊಂಡರೂ ನಡುವೆ ಇನ್ನೂ ಬಿಗಿಯಾಗಿ ಹಸಿರಾಗಿದ್ದವನ್ನು ಹುಡುಕಿ ಐದೈದರಂತೆ ತಂದು ತೋರಿಸಿದಳು. ಅವನು ನೂಕದೆ ಎರಡು ಉಳಿದವು, ಮುಂದಿನ ಸಲ ನಾಲ್ಕು. ಅಷ್ಟರಲ್ಲಿ ಬಿಸಿಲೇರಿ, ಆರಿಸಿಟ್ಟವು ಬಾಡತೊಡಗಿದವು. ಮೈಲಾರಿ ಕುಡಿಯುವಂತೆ ಕೈ ಮಾಡಿದ. ಅವಳು ತಂಬಿಗೆ ತಂದಳು. ಅವನು ಬೇಡವೆಂದು ತಲೆಯಾಡಿಸಿ ಹೂಗಳತ್ತ ಬೆರಳು ಮಾಡಿದ. ಅವನು ದಿನಾ ಮಾಡುತ್ತಿದ್ದುದು ಆಗ ನೆನಪಾಯಿತು. ಕಡ್ಡಿಗಳ ತುದಿಯನ್ನು ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಬಕೆಟ್ಟಿನ ತಣ್ಣೀರಿಗೆ ಇಟ್ಟಳು.

ಅಲ್ತಾಫ ಬಂದಾಗ ನಲವತ್ತೇ ಕಡ್ಡಿ ಇದ್ದವು.

"ಭಾಳ ಚೊಲೊ ಅದಾವು. ಆದ್ರ ಇಷ್ಟರಾಗ ಮಂಟಪ ತುಂಬೂದಿಲ್ಲಲ್ಲಕ್ಕಾ?"

"ಉಳಿದದ್ದು ಹೆಂಗ ಆರಿಸ್ಲೆಪಾ? ನಾಳೆ ಎಲ್ಲಾ ಹಳದಿ ಆಗ್ತಾವು." ನೀಲಾ ಮಂಚದ ಒಂದು ತುದಿ ಹಿಡಿದಳು. "ಮಂಚ ಹಿಡಿ. ಇವರನ್ನ ಅಲ್ಲಿಗೇ ಒಯ್ಯೂಣು."

ಇಬ್ಬರೂ ಮಂಚವನ್ನೇ ಎತ್ತಿ ಪಾಲಿಹೌಸಿನೊಳಗೆ ಇಳಿಸಿದರು. ವಾರಗಟ್ಟಲೆ ಕೊಯ್ಯದ ಸಾಲುಗಳಲ್ಲಿ ಹೆಚ್ಚಿನವು ಹಳದಿಗೆ ತಿರುಗಿದ್ದವು. ಮೈಲಾರಿ ನೋಡಲಾರದೆ ಕಣ್ಣು ಮುಚ್ಚಿಕೊಂಡ.

"ಕಣ್ಣ ತಗೀರಿ," ನೀಲಾ ಅವನ ಪಕ್ಕದಲ್ಲಿ ಕುಸಿದಳು. "ನೀವು ಹಿಂಗ ಮಾಡಿದ್ರ ನಾ ಯಾರನ್ನ ಕೇಳ್ಲಿ?"

ಅವನು ಕಣ್ಣು ತೆರೆದು, ನಡುವೆ ಇನ್ನೂ ಹಸಿರು ಉಳಿದಿದ್ದ ಮೂಲೆಯ ಸಾಲಿನತ್ತ ಎಡಗೈ ಚಾಚಿದ. ಅಲ್ತಾಫ ಕತ್ತರಿ ಎತ್ತಿಕೊಂಡ.