ಕೈಗಡದ ಅಕ್ಕೋರು

ಅಕ್ಕೋರ ತಲೆಯ ಮೇಲಿನ ಕೆಂಪು ಹೆಲ್ಮೆಟ್ ನಮ್ಮ ಶೆಡ್ಡಿನೊಳಗೂ ಇಳಿಯುತ್ತಿರಲಿಲ್ಲ. ಮುಂದಿನ ಗಾಜನ್ನು ಮೇಲಕ್ಕೆತ್ತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗದ್ದದ ಪಟ್ಟಿ ಅಲ್ಲಾಡಿಸುತ್ತಲೇ ಕಂಪ್ಯೂಟರಿನ ಮುಂದೆ ಬಗ್ಗುತ್ತಿದ್ದರು. "ಕುಂದರ್ರಿ ಅಕ್ಕೋರ" ಎಂದರೆ, "ಎರಡ ನಿಮಿಷದ ಕೆಲಸ, ಕುಂತು ಏನ್ ಮಾಡ್ಲಿ?" ಎಂಬುದೇ ಉತ್ತರ. ಆ ಎರಡು ನಿಮಿಷ ಊಟದ ಹೊತ್ತನ್ನೂ ದಾಟುತ್ತಿತ್ತು. ಅಷ್ಟರಲ್ಲಿ ಕೆನೆಗಟ್ಟಿ ತಣ್ಣಗಾಗಿರುತ್ತಿದ್ದ ಚಹಾವನ್ನು ನಿಂತೇ ಗಟಗಟ ಕುಡಿದು, "ನಿಮ್ಮ ಚಹಾ ಭಾಳ ಛಲೋ ಇರ್ತದ ನೋಡ್ರಿ" ಎನ್ನುವರು. ತಣ್ಣನೆಯ ಚಹಾ ಹೊಗಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರು ಖಾನಾಪುರದ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರು. ಶಾಲೆ ಬಿಟ್ಟರೂ ಅಕ್ಕೋರು ಎಂಬ ಹೆಸರು ಅವರನ್ನು ಬಿಡಲಿಲ್ಲ. ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಲೇಥ್ ಶೆಡ್. ಹಿತ್ತಾಳೆ ರಾಡಿನಿಂದ ಪಂಪಿನೊಳಗೆ ಕೂರುವ ಬಳೆಯಂಥ ಬುಶ್ ಕಡೆದು ಕೊಡುತ್ತೇವೆ. ಅಣ್ಣ ಯಜಮಾನ, ನಾನು ಹೆಸರಿಗೆ ಪಾಲುದಾರ. ಖರೀದಿ, ದಾಸ್ತಾನು, ಬಿಲ್ಲು, ಪಗಾರ, ತೆರಿಗೆ ಎಲ್ಲ ಒಂದೇ ಕಡೆ ಕೂಡಿಬರುವ ಸಾಫ್ಟ್‌ವೇರ್ ದೊಡ್ಡ ಕಾರ್ಖಾನೆಗಳ ಸೊತ್ತು ಎಂದೇ ನಾವು ತಿಳಿದಿದ್ದೆವು. ಪುಣೆಯಿಂದ ಟೈ ಕಟ್ಟಿಕೊಂಡು ಬಂದವನೊಬ್ಬ ಹೇಳಿದ ಬೆಲೆ ಕೇಳಿ ಅಣ್ಣ, "ಇಷ್ಟರಾಗ ಇನ್ನೊಂದ ಲೇಥ್ ಬರ್ತದಲ್ರಿ!" ಎಂದು ಅವನಿಗೆ ನೀರು ಕೊಟ್ಟು ಕಳಿಸಿದ್ದ.

ಅಕ್ಕೋರಿಗೆ ಅದೇ ಸಿಟ್ಟು. "ಸಣ್ಣವ್ರಿಗೆ ಲೆಕ್ಕ ಬ್ಯಾಡೇನ್ರಿ? ಮೊದಲ ಮುಳುಗಾವ್ರು ಅವರ" ಎನ್ನುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು ತಿದ್ದಿಕೊಳ್ಳಬಹುದಾದ ಸಾಫ್ಟ್‌ವೇರ್ ಒಂದನ್ನು ಹಿಡಿದು, ನಮ್ಮಂಥವರ ಅಳತೆಗೆ ಹೊಂದಿಸಿದ್ದರು. ಕಂಪ್ಯೂಟರಿಗೆ ದುಡ್ಡಿಲ್ಲ ಎಂದೆವು. "ಹೆಣ್ಮಕ್ಕಳು ಭಿಶಿ ಹಾಕಿ ಬಂಗಾರ ಮಾಡ್ಕೋತಾರ. ನಿಮಗ ಒಂದ ಕಂಪ್ಯೂಟರ್ ಆಗೂದಿಲ್ಲೇನು?" ಎಂದು ಝಾಡಿಸಿದರು. ಹಾಗೆ ನಮ್ಮ ಸಾಲಿನ ಶೆಡ್ಡಿನವರೆಲ್ಲ ತಿಂಗಳ ಚೀಟಿಯ ಭಿಶಿ ಹಾಕಿದೆವು. ಪ್ರತಿ ತಿಂಗಳು ಯಾರ ಚೀಟಿ ಬರುತ್ತದೋ ಅವರ ಶೆಡ್ಡಿಗೆ ಕಂಪ್ಯೂಟರ್, ಆ ತಿಂಗಳೆಲ್ಲ ಅಕ್ಕೋರ ಪಾಠವೂ ಅಲ್ಲೇ. ತಮ್ಮ ಸಂಬಳದ ಮಾತು ಬಂದಾಗ, "ನಿಮ್ಮ ಚಹಾದ ಖರ್ಚಿಗಿಂತ ಹೆಚ್ಚು ಕೇಳಿದ್ರ ಒಳಗ ಬಿಡಬ್ಯಾಡ್ರಿ" ಎಂದು ನಕ್ಕರು.

ಎಲ್ಲ ಸುಸೂತ್ರ ಎನ್ನುವಾಗಲೇ ಎಡವಟ್ಟಾಯಿತು. ನಮ್ಮ ಸ್ಟೋರ್ ನೋಡಿಕೊಳ್ಳುವ ಕಾಕಾ ಬೀಡಿ ಎಂಬ ಹಳ್ಳಿಯಿಂದ ಬಸ್ಸಿಗೆ ಬರುವವರು, ಅಪ್ಪನ ಕಾಲದಿಂದ ಇದ್ದವರು. ನಮ್ಮ ಸಾಲಿನಲ್ಲಿ ಕೈಗಡ ಹಳೆಯ ರೂಢಿ. ಒಂದು ಶೆಡ್ಡಿನಲ್ಲಿ ಮಾಲು ಮುಗಿದರೆ ಪಕ್ಕದವರು ಕೊಡುತ್ತಾರೆ, ಬಂದ ಮೇಲೆ ಇವರು ಹಿಂತಿರುಗಿಸುತ್ತಾರೆ. ಅದಕ್ಕೆ ಕಾಗದ ಇಲ್ಲ, ಪತ್ರ ಇಲ್ಲ. ಒಂದು ದಿನ ಅಣ್ಣ ನೋಡಿದರೆ ಪರದೆ ತೋರಿಸಿದಷ್ಟು ರಾಡು ಕಪಾಟಿನಲ್ಲಿ ಇರಲಿಲ್ಲ.

"ಬಾಜು ಶೆಡ್ಡಿಗೆ ಕೈಗಡ ಕೊಟ್ಟೇನೋ ತಮ್ಮಾ" ಎಂದರು ಕಾಕಾ. ಪಕ್ಕದ ಶೆಡ್ಡಿನ ಯಜಮಾನ ಹೊಸ ಹುರುಪಿನವ. ತನ್ನ ಕಂಪ್ಯೂಟರ್ ನೋಡಿ, "ನಮ್ಮ ಕಡೆ ಬಂದದ್ದು ತೋರಸವಲ್ದಲ್ರಿ" ಎಂದುಬಿಟ್ಟ. ಅಣ್ಣ ಕಾಕಾನ ಕಡೆ ತಿರುಗಿದ. "ಕಂಪ್ಯೂಟರಿಗೆ ಸುಳ್ಳು ಹೇಳಾಕ ಬರೂದಿಲ್ಲ ಕಾಕಾ." ಕಾಕಾ ಸ್ಟೋರಿನ ಕೀಲಿಕೈ ಮೇಜಿನ ಮೇಲಿಟ್ಟು ಹೋದರು. ಮರುದಿನ ಬರಲಿಲ್ಲ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಮ್ಮನ್ನು ಎತ್ತಿ ಆಡಿಸಿದ ಮನುಷ್ಯ ಕಳ್ಳನೆಂಬ ಹೆಸರು ಹೊತ್ತು ಮನೆಯಲ್ಲಿ ಕೂತಿದ್ದರೆ ನಾನು ಲೇಥ್ ಹೇಗೆ ತಿರುಗಿಸಲಿ? ಅಕ್ಕೋರಿಗೆ ಫೋನ್ ಮಾಡಿದೆ.

ಬಂದವರು ನಮ್ಮ ಶೆಡ್ಡಿನಲ್ಲಿ ನಿಲ್ಲದೆ ಅಣ್ಣನನ್ನೂ ನನ್ನನ್ನೂ ಕರೆದುಕೊಂಡು ನೇರ ಪಕ್ಕದ ಶೆಡ್ಡಿನ ಯಜಮಾನನ ಹತ್ತಿರ ಹೋದರು. "ನಿಮ್ಮ ಲೆಕ್ಕ ಮತ್ತೊಬ್ಬರಿಗೆ ತೋರಸೂದಿಲ್ಲಂತ ಮಾತು ಕೊಟ್ಟೇನಿ. ನೀವು ಹೂಂ ಅಂದ್ರ ಇವ್ರ ಮುಂದ ತಗೀತೀನಿ." ಆತ ಹೂಂ ಎಂದ. ಅಕ್ಕೋರು ಅವನ ಖರೀದಿಯನ್ನೂ ಕಳಿಸಿದ ಮಾಲನ್ನೂ ಒಟ್ಟಿಗೆ ಇಟ್ಟು ತೋರಿಸಿದರು. "ಇಷ್ಟ ರಾಡಿನ್ಯಾಗ ಇಷ್ಟೊಂದು ಬುಶ್ ಹೆಂಗ ಹುಟ್ಟಿದುವ್ರಿ?" ಆತ ತನ್ನ ಲೇಥಿನವನನ್ನು ಕೂಗಿ ಕೇಳಿದ. "ಕಾಕಾ ಕೊಟ್ಟಿದ್ರಲ್ರಿ, ನೀವು ಊರಾಗ ಇರಲಿಲ್ಲ" ಎಂದ ಅವನು, ಇದರಲ್ಲೇನು ವಿಶೇಷ ಎಂಬಂತೆ.

ಅಣ್ಣ ತಲೆ ತಗ್ಗಿಸಿದ. ಅಕ್ಕೋರು ಅವನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈದುಕೊಂಡದ್ದು ತಮ್ಮನ್ನೇ. "ಕೈಗಡ ಬರಿಯಾಕ ನಾ ಜಾಗಾನ ಇಟ್ಟಿಲ್ಲ. ದೊಡ್ಡ ಕಾರ್ಖಾನ್ಯಾಗ ಇದು ಇರೂದಿಲ್ಲ. ಅವ್ರದ್ದನ್ನ ಕಡಿಮಿ ರೇಟಿಗೆ ತಂದು ನಿಮ್ಮ ತಲಿಗೆ ಕಟ್ಟಿದೆ. ಅಗ್ಗ ಮಾಡಿದ್ರ ಸಣ್ಣವ್ರದ್ದು ಆಗ್ತದಂತ ತಿಳದಿದ್ದೆ."

ಆಗಲೇ ಬೀಡಿಗೆ ಸ್ಕೂಟರ್ ತಿರುಗಿಸಿದರು. ನಾನು ಅಣ್ಣನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬೆನ್ನು ಹತ್ತಿದೆ. ಕಾಕಾನ ಮನೆಯ ಪಡಸಾಲೆಯಲ್ಲಿ ಅಕ್ಕೋರು ಹೆಲ್ಮೆಟ್ ತೆಗೆದಿಟ್ಟು ನೆಲದ ಮೇಲೆ ಕೂತರು. ಅವರ ಕೂದಲು ಅಷ್ಟು ನರೆತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. "ಕಾಕಾ, ನಾ ಮಾಡಿದ್ದ ನಿಮಗ ಕಳ್ಳ ಅಂತು. ನಂದ ತಪ್ಪಾತ್ರಿ" ಎಂದರು. ಅಣ್ಣ ಕಾಲಿಗೆ ಬಿದ್ದ. ಕಾಕಾ ಅವನನ್ನು ಹಿಡಿದೆಬ್ಬಿಸಿ, "ಬರ್ತೀನಿ. ಆದ್ರ ಆ ಕಂಪ್ಯೂಟರಿನ ಮುಂದ ನಾನ ಕುಂದರಾಂವ" ಎಂದರು.

ವಾರ ಕಳೆಯುವುದರೊಳಗೆ ಎಲ್ಲ ಶೆಡ್ಡುಗಳ ಪರದೆಯ ಮೇಲೆ 'ಕೈಗಡ' ಎಂಬ ಹೊಸ ಜಾಗ ಬಂತು. ಕೊಟ್ಟವರು ಬರೆಯಬೇಕು, ಪಡೆದವರು 'ಹೌದು' ಒತ್ತಬೇಕು. ಅದಕ್ಕೆ ಅಕ್ಕೋರು ಬಿಡಿಗಾಸೂ ಮುಟ್ಟಲಿಲ್ಲ. ಕಾಕಾನಿಗೆ ಒಂದೇ ಬೆರಳಿನಲ್ಲಿ ಟೈಪ್ ಮಾಡಲು ಕಲಿಸಿದರು. ತಪ್ಪಿದರೆ ಶಾಲೆಯ ಹುಡುಗನನ್ನು ಗದರಿಸುವಂತೆ ಗದರಿಸುವರು. ಕಾಕಾ ಖುಷಿಯಿಂದ ಬೈಸಿಕೊಳ್ಳುವರು.

ಅಕ್ಕೋರು ತಮ್ಮ ಕಾಯಿಲೆಯನ್ನು ನಮಗೆ ಹೇಳಲೇ ಇಲ್ಲ. ನಡುವೆ ಬರುವುದು ಕಡಿಮೆಯಾಯಿತು, ಫೋನಿನಲ್ಲೇ ತಿದ್ದಿ ಕೊಡುತ್ತಿದ್ದರು, ಅಷ್ಟೆ. ಇಂದಿಗೂ ಖಾನಾಪುರ ರಸ್ತೆಯಲ್ಲಿ ಸ್ಕೂಟರ್ ನಿಂತ ಸದ್ದಾದರೆ ನಾನು ಎದ್ದು ಬಾಗಿಲಿಗೆ ಹೋಗುತ್ತೇನೆ. ಅಪ್ಪನ ಕಾಲದ ಮನುಷ್ಯನನ್ನು ಕಳ್ಳನೆಂದು ಕಳಿಸಿದವರು ಎಂಬ ಕೆಟ್ಟ ಹೆಸರಿನಿಂದ ನಮ್ಮನ್ನು ಉಳಿಸಿದವರು ಅವರು. ಆ ಋಣ ನನ್ನ ಮೇಲೆ ಹಾಗೇ ಇದೆ.

ಅಕ್ಕೋರು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಅಣ್ಣ ಶಟರ್ ಇಳಿಸಲು ಹೋದ. ಕಾಕಾ ತಡೆದರು. "ತಡಿಯೋ ತಮ್ಮಾ. ಈಗಷ್ಟ ಬಾಜು ಶೆಡ್ಡಿಗೆ ರಾಡ್ ಕೊಟ್ಟೇನಿ. ಬರದು ಬರ್ತೀನಿ." ಅಕ್ಕೋರು ಕಲಿಸಿದಂತೆ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದರು. ಪಕ್ಕದ ಶೆಡ್ಡಿನವನು ಅತ್ತ ಕಡೆಯಿಂದ 'ಹೌದು' ಒತ್ತಿದ. ಆಮೇಲೆ ಸಾಲಿನ ಶಟರುಗಳೆಲ್ಲ ಇಳಿದವು. ಖಾನಾಪುರದ ಅಕ್ಕೋರ ಮನೆ ಮುಟ್ಟುವವರೆಗೂ ಕಾಕಾ ನನ್ನ ಬೈಕಿನ ಹಿಂದೆ ಕೂತು ಅತ್ತರು. ನಾನೂ ಅತ್ತೆ.