ಕೋಟಿನ ತೋಳಲ್ಲಿ ಉಳಿದ ಕೆಂಪು ಎಳೆ

ನಮ್ಮ ಸೋಡಾಬುಡ್ಡಿಗೆ ಮನುಷ್ಯರ ಮುಖಕ್ಕಿಂತ ಅವರ ಬಟ್ಟೆಯ ಗುರುತೇ ಹೆಚ್ಚು. ಕನ್ನಡಕದ ಪವರು ಬರೋಬ್ಬರಿ ಹದಿನೆಂಟು. ಆದರೆ ಅದನ್ನು ಕಳಚಿ ಬಟ್ಟೆಯನ್ನು ಮೂಗಿಗೆ ತಾಗಿಸಿಕೊಂಡಳೋ, ಅಬ್ಬಬ್ಬಾ, ಉಳಿದವರಿಗೆ ಭೂತಗನ್ನಡಿಯಲ್ಲೂ ಕಾಣದ ಎಳೆ ಇವಳಿಗೆ ಹಗ್ಗದಷ್ಟು ದಪ್ಪ! ಇಪ್ಪತ್ತಾರು ವರ್ಷದಿಂದ ಹರಿದ ಕೋಟು, ಸುಟ್ಟ ಶಾಲುಗಳಿಗೆ ರಫು ಮಾಡುತ್ತಾ ಬಂದವಳು. ಕೆಲಸ ಮುಗಿದ ಮೇಲೆ ತೂತು ಎಲ್ಲಿತ್ತೆಂದು ಅವಳಿಗೇ ತಿಳಿಯದು. ಅದಕ್ಕೇ ರಫುವಿನ ತುದಿಯಲ್ಲೊಂದು ಕೆಂಪು ಎಳೆ ಬಿಟ್ಟಿರುತ್ತಾಳೆ; ಬಟ್ಟೆ ಕೊಟ್ಟವರೆದುರು ಇನ್ನೊಮ್ಮೆ ಪರೀಕ್ಷಿಸಿ ಆಮೇಲೆ ಕತ್ತರಿಸುತ್ತಾಳೆ.

ಅಂಥವಳ ಎಡಗಣ್ಣಿಗೆ ಹೋದ ತಿಂಗಳು ನೆಟ್ಟಗಿನ ದಾರ ಸೊಟ್ಟಗೆ ಕಂಡಿತು. ಕಣ್ಣುಗುಡ್ಡೆ ಉದ್ದುದ್ದಕ್ಕೆ ಬೆಳೆದು ಹಿಂದಿನ ಪರದೆ ಜಗ್ಗಿ ತೆಳುವಾಗಿದೆ, ಅಲ್ಲಿ ರಕ್ತದ ಓಡಾಟ ಕುಗ್ಗಿದೆ, ಹೊಸ ನಾಳವೊಂದು ಚಿಗುರಿ ಸೋರುತ್ತಿದೆ ಎಂದರು ಆಸ್ಪತ್ರೆಯಲ್ಲಿ. ಇಂಜೆಕ್ಷನ್ ಕೊಟ್ಟರು. ಸೋರಿಕೆ ನಿಲ್ಲದಿದ್ದರೆ ಸೂಜಿ ಕೆಳಗಿಡಬೇಕಾದೀತು. ಇವತ್ತು ಅದನ್ನು ನೋಡಿ ಹೇಳುವವರು ದೊಡ್ಡ ಡಾಕ್ಟರು. ಸೋಡಾಬುಡ್ಡಿ ಅವರನ್ನು ಕಂಡವಳಲ್ಲ.

ಕಣ್ಣಿಗೆ ಹನಿ ಹಾಕಿಸಿಕೊಂಡವರೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿಯನ್ನು ತಿರುಗಾಮುರುಗಾ ಹಿಡಿದು ಒದ್ದಾಡುತ್ತಿದ್ದರು. ಕನ್ನಡಕ ಕಳಚಿ ಕೂತ ಸೋಡಾಬುಡ್ಡಿಗೆ ಮಾತ್ರ ಮೂಗಿನ ತುದಿಯ ಲೋಕ ಹಾಗೇ ಇತ್ತು. ಜೊತೆಗೆ ಬಂದಿದ್ದ ನಾದಿನಿ ನೀರು ತರಲು ಹೋಗಿದ್ದಳು. ಅಷ್ಟರಲ್ಲಿ ಯಾರೋ ಪಕ್ಕದಲ್ಲಿ ನಿಂತರು. ಬೂದುಬಣ್ಣದ ಕೋಟಿನ ತೋಳೊಂದು ಮುಖದ ಹತ್ತಿರಕ್ಕೇ ಬಂತು.

"ಅಯ್ಯಯ್ಯೋ, ಎಂಥಾ ತೂತು! ಕೂತ್ಕೊಳ್ಳಿ, ಕೈ ಕೊಡಿ ಇಲ್ಲಿ."

"ನಂಗೆ ಸ್ವಲ್ಪ ಕೆಲಸ..."

"ಕಣ್ಣಾಸ್ಪತ್ರೆಗೆ ಬಂದೋರಿಗೆ ಕಾಯೋದು ಬಿಟ್ರೆ ಇನ್ನೇನ್ರೀ ಕೆಲಸ? ಅಲುಗಾಡ್ಬೇಡಿ!"

ಆ ಮನುಷ್ಯ ತೆಪ್ಪಗೆ ಕೂತರು. ಚೀಲದಿಂದ ಹೊರಬಂದ ಸೂಜಿ ಓಡಿತು, ಬಾಯಿ ಅದಕ್ಕಿಂತ ಜೋರಾಗಿ ಓಡಿತು. ಹೆದರಿಕೆ ಹೆಚ್ಚಿದಷ್ಟೂ ಅವಳಿಗೆ ಮಾತು ಹೆಚ್ಚು. "ಈ ದೊಡ್ಡ ಡಾಕ್ಟ್ರು ಮೂಗಿನ ಮೇಲೇ ಕೋಪ ಇಟ್ಕೊಂಡಿರ್ತಾರಂತೆ. ಇನ್ನೂ ಸೋರ್ತಿದೆ ಅಂತ ಏನಾದ್ರೂ ಅಂದ್ರೆ, ಅಲ್ಲೇ ಮೂರ್ಛೆ ಬೀಳ್ತೀನಿ. ಎತ್ತಿಹಾಕ್ಲಿ ಅವ್ರೇ!"

ರಫು ಮುಗಿಯುವ ಹೊತ್ತಿಗೆ ನೀರು ಹಿಡಿದು ಬಂದ ನಾದಿನಿ ಹತ್ತಡಿ ದೂರದಲ್ಲೇ ನಿಂತು ಕಣ್ಸನ್ನೆ ಮಾಡಿದಳು, ಕೈ ಬೀಸಿದಳು, ಹಣೆ ಚಚ್ಚಿಕೊಂಡಳು. ಸೋಡಾಬುಡ್ಡಿಗೆ ಕಂಡದ್ದು ಅಲ್ಲಾಡುವ ಹಳದಿ ಸೀರೆಯ ಬಣ್ಣವಷ್ಟೇ. ಕೊನೆಗೆ ನಾದಿನಿ ಕಿರುಚಿಯೇಬಿಟ್ಟಳು: "ಅತ್ತಿಗೇ! ಅವ್ರೇ ಡಾಕ್ಟ್ರು!"

ಸೋಡಾಬುಡ್ಡಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರ ಹಿಂದೆಯೇ ಕೋಣೆಯೊಳಗೆ ಹೋಗಿ ಕೂತಳು. ಡಾಕ್ಟರು ಕಣ್ಣಿನ ಚಿತ್ರವನ್ನು ನೋಡಿದರು, ನೋಡುತ್ತಲೇ ಇದ್ದರು.

"ಮೂರ್ಛೆ ಬೇಡಮ್ಮ. ಸೋರೋದು ನಿಂತಿದೆ. ಪರದೆ ತೆಳುವೇ, ರಕ್ತದ ಓಟವೂ ಕಮ್ಮಿಯೇ, ಅದು ಮೊದಲಿನ ಹಾಗಾಗಲ್ಲ. ಕೆಲಸ ಮಾಡಿ. ಮೂರು ತಿಂಗಳಿಗೆ ಮತ್ತೆ ನೋಡ್ಲೇಬೇಕು."

ಸೋಡಾಬುಡ್ಡಿ ಅತ್ತಳು, ನಕ್ಕಳು, ನಾದಿನಿಯ ಕೈಯಲ್ಲಿದ್ದ ನೀರನ್ನೆಲ್ಲ ಗಟಗಟ ಕುಡಿದಳು. ಡಾಕ್ಟರು ತೋಳನ್ನು ತಿರುಗಿಸಿ ಮುರುಗಿಸಿ ಹುಡುಕಿದರು. ತೂತಿನ ಸುಳಿವಿಲ್ಲ, ಕೆಂಪು ಎಳೆಯೊಂದು ತೂಗುತ್ತಿತ್ತು. ಕತ್ತರಿ ಎತ್ತಿಕೊಂಡರು.

"ಉಹೂಂ, ಮುಟ್ಬೇಡಿ!" ಅವಳು ಅವರ ಕೈಯನ್ನೇ ಹಿಡಿದಳು. "ಮೂರು ತಿಂಗಳು ಬಿಟ್ಟು ಬರ್ತೀನಲ್ಲ? ಅದನ್ನ ನಾನೇ ನೋಡಿ, ನಾನೇ ಕತ್ತರಿಸ್ಬೇಕು."

ಡಾಕ್ಟರು ಕತ್ತರಿಯನ್ನು ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದರು.