ಆಟ ಮುಗಿಸಿದವರನ್ನು ನೋಡಲು ಹೋದ ತಾಯಿ

ಬಜಾರಿನ ಹಿಂದಿನ ಬೀದಿಗೆ ಹೋಗಿ, ಹೊಲಿಗೆ ಮೆಷಿನ್ ಕೆಟ್ಟಿದೆ ಅಂತ ಯಾರನ್ನೇ ಕೇಳಿ, ಎಲ್ಲರ ಕೈಯೂ ಒಂದೇ ಕಡೆ ತೋರಿಸುತ್ತದೆ: ಆ ಮೆಟ್ಟಿಲ ಕೆಳಗೆ. ಬಗ್ಗಿಯೇ ಒಳಗೆ ಹೋಗಬೇಕು, ಇಲ್ಲದಿದ್ದರೆ ಹಣೆಗೆ ಪೆಟ್ಟು ಗ್ಯಾರಂಟಿ. ಒಳಗೆ ಒಂದು ಬಲ್ಬು, ಒಂದು ಸ್ಟೂಲು, ಕಾಲಿಡಲು ಜಾಗವಿಲ್ಲದಷ್ಟು ಮೆಷಿನ್ನುಗಳು. ಅವುಗಳ ನಡುವೆ, ಉಗುರಿನ ಸಂದಿಗೆಲ್ಲ ಎಣ್ಣೆ ಮೆತ್ತಿಕೊಂಡು ಕೂತ ಒಬ್ಬ ಹೆಂಗಸು. ಇಡೀ ಬೀದಿಗೆ ಅವಳು ಮೆಷಿನ್ ಅಕ್ಕ. ಗಂಡ ಬಸ್ ಡ್ರೈವರು. ಅವನೂ ಒಮ್ಮೊಮ್ಮೆ ಬಾಯಿ ತಪ್ಪಿ ಅಕ್ಕ ಅಂದುಬಿಟ್ಟು ಬೈಸಿಕೊಂಡದ್ದುಂಟು.

ಹೊಸ ಮೆಷಿನ್ ಕೊಳ್ಳುವವರು ಮೊದಲು ಅವಳ ಹತ್ತಿರ ಬರುತ್ತಾರೆ. ಯಾವುದು ತಗೊಳ್ಳಲಿ ಅಕ್ಕ ಅಂತ ಕೇಳಿದರೆ ಅವಳು ಹೊಸ ಮೆಷಿನ್ನಿನ ಅಂಗಡಿಯ ಕಡೆ ತಿರುಗಿಯೂ ನೋಡುವುದಿಲ್ಲ.

"ಹೊಳೀತಾ ಕೂತಿರೋದನ್ನ ಕೇಳಿದ್ರೆ ಅದು ಬರೀ ಜಂಬ ಕೊಚ್ಚುತ್ತೆ. ವರ್ಷಗಟ್ಲೆ ತುಳಿಸ್ಕೊಂಡಿದ್ದನ್ನ ಕೇಳ್ಬೇಕು."

ಅಂದವಳೇ ಎದ್ದು ಹೊರಡುತ್ತಾಳೆ. ಅದೇ ಕಂಪನಿಯ ಹಳೇ ಮೆಷಿನ್ ಯಾವ ದರ್ಜಿಯ ಮನೆಯಲ್ಲಿದೆಯೋ ಅಲ್ಲಿಗೆ ಹೋಗಿ, ಚಕ್ರವನ್ನು ಮೆಲ್ಲಗೆ ತಿರುಗಿಸಿ, ಕಿವಿ ಇಟ್ಟು, ಕಣ್ಣು ಮುಚ್ಚಿ ಕೇಳುತ್ತಾಳೆ. ಆಮೇಲೆ ಹೂಂ ಅಥವಾ ಊಹೂಂ. ಅಷ್ಟೇ ಮಾತು. ಆ ಮಾತಿನ ಮೇಲೆ ಊರಿನ ಅರ್ಧ ಬಟ್ಟೆ ಹೊಲಿಗೆ ಕಂಡಿದೆ.

ಇಂಥವಳಿಗೆ ಒಬ್ಬಳೇ ಮಗಳು. ಚಿಕ್ಕಂದಿನಿಂದ ನಿಂತಲ್ಲಿ ನಿಲ್ಲದೆ ಮೆಷಿನ್ನಿನೊಳಗಿನ ದಾರದ ಸುರುಳಿಯಂತೆ ಗಿರಗಿರ ತಿರುಗುತ್ತಿದ್ದಳು ಅಂತ ಮನೆಯಲ್ಲಿ ಅವಳಿಗೆ ಬಾಬಿನ್ನು ಅನ್ನುವ ಹೆಸರೇ ನಿಂತುಬಿಟ್ಟಿತು. ಹುಡುಗಿ ಗಿಡ್ಡ, ಆದರೆ ತೊಡೆ ಕಂಬದ ಹಾಗೆ. ಶಾಲೆಯಲ್ಲಿ ಬ್ಯಾಡ್ಮಿಂಟನ್ ಆಡಿದಳು, ಗೆದ್ದಳು. ಪಕ್ಕದ ಕೋಣೆಯಲ್ಲಿ ಭಾರ ಎತ್ತುವವರನ್ನು ನೋಡಿ ಅದನ್ನೂ ಎತ್ತಿದಳು, ಅಲ್ಲೂ ಗೆದ್ದಳು. ಕೊನೆಗೆ ಕ್ರೀಡಾ ಹಾಸ್ಟೆಲಿನವರು ಎರಡಕ್ಕೂ ಅವಳನ್ನು ಆರಿಸಿ ಒಂದು ಕೊಕ್ಕೆ ಹಾಕಿದರು. ಊಟ, ವಸತಿ, ಓದು, ತರಬೇತಿ ಎಲ್ಲ ನಮ್ಮದು. ಆಟ ಮಾತ್ರ ಒಂದೇ. ಒಮ್ಮೆ ಆರಿಸಿಕೊಂಡರೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಹೇಳಿ.

ಆ ವಾರವೆಲ್ಲ ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು.

"ಇಷ್ಟೆಲ್ಲ ಬರುತ್ತೆ, ಕ್ರಿಕೆಟ್ ಯಾಕೆ ಬರಲ್ಲ ಇವಳಿಗೆ? ಟೀವಿಯಲ್ಲಾದ್ರೂ ನೋಡ್ತಿದ್ದೆ," ಅಂದ ಅಪ್ಪ.

"ಟೀವಿ ಹಾಕಿದ್ ತಕ್ಷಣ ಗೊರಕೆ ಹೊಡೆಯೋರು ನೀವು. ಸುಮ್ನೆ ಊಟ ಮಾಡಿ," ಅಂದಳು ಅಮ್ಮ.

ಅಪ್ಪನನ್ನು ಹೆತ್ತ ಅಜ್ಜಿ ಮೂಲೆಯಿಂದ ದನಿ ತೆಗೆದಳು. "ಚದುರಂಗ ಆಡ್ಲಿ. ಕೂತಲ್ಲೇ ಆಟ. ಕೈಕಾಲು ಮುರಿಯೋ ಹಾಗಿಲ್ಲ."

"ಅಜ್ಜೀ, ಅದಕ್ಕೆ ತಲೆ ಬೇಕು," ಅಂದಳು ಬಾಬಿನ್ನು.

"ಹೌದಲ್ವಾ! ನಿಮ್ಮಪ್ಪನಿಗೇ ಬರ್ಲಿಲ್ಲ, ನಿನಗೆಲ್ಲಿಂದ ಬರಬೇಕು."

ನಗು ಮುಗಿದ ಮೇಲೆ ಅಮ್ಮ ಮಗಳ ಕಡೆ ತಿರುಗಿದಳು. "ನಿಂಗ್ಯಾವುದು ಬೇಕೇ?"

"ಯಾವುದಾದ್ರೂ ಸರಿ," ಅಂದಳು ಬಾಬಿನ್ನು, ತಟ್ಟೆ ನೋಡುತ್ತಾ.

"ಯಾವುದಾದ್ರೂ ಸರಿ ಅನ್ನೋಕೆ ಇದೇನು ಚಪ್ಪಲಿನಾ? ಇನ್ಮೇಲೆ ಇದೇ ನಿನ್ನ ಉದ್ಯೋಗ. ಆಟ ನಿಂತ ಮೇಲೂ ಮೈ ಉಳೀಬೇಕು, ಕೈಗೊಂದು ಕೆಲಸ ಇರ್ಬೇಕು. ಆಡ್ತಾ ಇರೋರನ್ನ ನೋಡಿದ್ರೆ ಏನು ಗೊತ್ತಾಗುತ್ತೆ? ಆಡಿ ಮುಗಿಸಿದೋರನ್ನ ನೋಡ್ಬೇಕು. ಭಾನುವಾರ ಹೊರಡು."

ಹೀಗೆ ಜಗತ್ತಿನಲ್ಲಿ ಯಾವ ತಾಯಿಯೂ ಮಾಡದ ಕೆಲಸಕ್ಕೆ ಮೆಷಿನ್ ಅಕ್ಕ ಹೊರಟಳು.

ಮೊದಲು ಹೋದದ್ದು ಹಿಂದೆ ಬ್ಯಾಡ್ಮಿಂಟನ್ ಆಡುತ್ತಿದ್ದ ಒಬ್ಬರ ಬಳಿಗೆ. ನೆರೆಗೂದಲಿನ ಹೆಂಗಸು, ಒಳಾಂಗಣ ಕ್ರೀಡಾಂಗಣದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಆಟದ ಮೇಲೆಯೇ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. ಸಂಜೆ ಇಲ್ಲಿ ಪಾಠ. ಗಾಳಿಪಟದಷ್ಟು ಹಗುರವಾಗಿ ಓಡಾಡುತ್ತಿದ್ದರು. ಅಮ್ಮ ಎಲ್ಲ ಕೇಳಿದಳು, ತಲೆಯಾಡಿಸಿದಳು, ಆಮೇಲೆ ಹತ್ತಿರ ಸರಿದು ಅಂದಳು:

"ತಪ್ಪು ತಿಳ್ಕೋಬೇಡಿ. ಒಂದ್ಸಲ ಕುಕ್ಕರುಗಾಲಲ್ಲಿ ಕೂತು ಏಳ್ತೀರಾ?"

"ಯಾಕೆ?"

"ಮೊಣಕಾಲು ಕೇಳ್ಬೇಕಿತ್ತು."

"ಅಮ್ಮಾ! ಮರ್ಯಾದೆ ತೆಗೀಬೇಡ," ಅಂತ ಬಾಬಿನ್ನು ಗೋಡೆಗೆ ಮುಖ ಮಾಡಿ ನಿಂತಳು. ಆದರೆ ಅವರು ಹೊಟ್ಟೆ ಹಿಡಿದು ನಕ್ಕು, ಕೂತು ಎದ್ದರು. ಅಮ್ಮ ನೆಲಕ್ಕೆ ಕೂತು ಅವರ ಮೊಣಕಾಲಿಗೆ ಕಿವಿ ಇಟ್ಟಳು. ಮಕ್ಕಳೆಲ್ಲ ಆಟ ನಿಲ್ಲಿಸಿ ಸುತ್ತ ನೆರೆದರು.

"ಬಲಗಾಲಲ್ಲಿ ಸ್ವಲ್ಪ ಸದ್ದಿದೆ. ಪರವಾಗಿಲ್ಲ. ಚೆನ್ನಾಗಿ ಇಟ್ಕೊಂಡಿದೀರಾ," ಅಂತ ತೀರ್ಪು ಕೊಟ್ಟಳು.

ಹೊರಗೆ ಬಂದ ಮೇಲೆ ಅವಳ ಹೆಜ್ಜೆಯೇ ಬೇರೆ. "ಆಯ್ತು ಕಣೇ. ಇದೇ ಗಟ್ಟಿ. ಇನ್ನೊಬ್ಬರನ್ನ ಸುಮ್ನೆ ಶಾಸ್ತ್ರಕ್ಕೆ ನೋಡ್ಬಿಟ್ಟು ಬರೋಣ." ಮಗಳು ಹೂಂ ಅಂದಳು. ಆ ಹೂಂ ಬಹಳ ಸಣ್ಣದಾಗಿತ್ತು.

ಇನ್ನೊಬ್ಬರು ಸಿಕ್ಕಿದ್ದು ದೊಡ್ಡಾಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಭಾರ ಎತ್ತುವುದರಲ್ಲಿ ಒಂದು ಕಾಲಕ್ಕೆ ದೊಡ್ಡ ಹೆಸರಂತೆ. ಈಗ ವಾರ್ಡಿನ ಆಯಾ. ಗಿಡ್ಡ ದೇಹ, ಸೊಂಟಕ್ಕೆ ಅಗಲವಾದ ಬೆಲ್ಟು. ಬಾಬಿನ್ನಿನ ಕೋಚ್ ಮೊದಲೇ ಹೇಳಿ ಕಳಿಸಿದ್ದರಿಂದ ಅವರೇ ನಗುತ್ತಾ ಬೆಂಚಿನ ಮೇಲೆ ಕೂತು ಕೈ ಚಾಚಿದರು. "ನೋಡಮ್ಮ, ಏನೇನು ನೋಡ್ಬೇಕೋ ನೋಡು."

ಅಮ್ಮ ನೋಡಿದಳು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಮಣಿಕಟ್ಟು ತಿರುಗಿಸಿದರೆ ಮರಳು ಸಿಕ್ಕಿಕೊಂಡ ಹಾಗೆ ಕರಕರ ಅನ್ನುತ್ತಿತ್ತು. ಅಂಗೈಯ ಚರ್ಮ ಎಷ್ಟೋ ಸಲ ಕಿತ್ತುಬಂದು, ಎಷ್ಟೋ ಸಲ ಕೂಡಿಕೊಂಡು ತೊಗಲಾಗಿತ್ತು.

"ತಲೆ ಬಾಚ್ಕೊಳ್ಳೋಕೆ ಆಗುತ್ತಾ?"

"ಮುಂದುಗಡೆ ಆಗುತ್ತೆ. ಹಿಂದೆ ತಂಗಿ ಬಾಚ್ತಾಳೆ."

ಅಮ್ಮ ಆ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು. ಅವರೇ ಹೇಳಿದರು. "ಉದ್ಯೋಗ ಅಂತ ನೋಡಿದ್ರೆ ಆ ಬ್ಯಾಡ್ಮಿಂಟನ್ನೇ ವಾಸಿ ಕಣಮ್ಮ. ಪದಕ ಬಂದ ವರ್ಷ ಹಾರ ಹಾಕ್ತಾರೆ. ಆಮೇಲೆ ಬೆನ್ನುನೋವಿಗೆ ಯಾರೂ ಬರಲ್ಲ. ಸುಳ್ಳು ಹೇಳಿ ಮಗೂನ ಕೆಡಿಸೋಳಲ್ಲ ನಾನು."

ಅಷ್ಟರಲ್ಲಿ ವಾರ್ಡಿನೊಳಗಿಂದ ಕೂಗು ಬಂತು. ಆಪರೇಷನ್ ಆದ ಒಬ್ಬ ಭಾರೀ ಮನುಷ್ಯನನ್ನು ಸ್ಟ್ರೆಚರಿನಿಂದ ಮಂಚಕ್ಕೆ ಸಾಗಿಸಬೇಕಿತ್ತು. ಇಬ್ಬರು ಗಂಡಸರು ಹಿಡಿದರೂ ಅವನು ಅರ್ಧಕ್ಕೆ ಜಾರುತ್ತಿದ್ದ, ನಿದ್ದೆಯಲ್ಲೇ ನರಳುತ್ತಿದ್ದ. ಆಯಾ ಎದ್ದು ಹೋದರು. ಅವರಿಬ್ಬರನ್ನೂ ಕಾಲಿನ ಕಡೆಗೆ ಕಳಿಸಿ, ತಾವು ಅವನ ಬೆನ್ನಿನ ಕೆಳಗೆ ಎರಡೂ ತೋಳು ತೂರಿಸಿದರು. ಪಾದ ಅಗಲಿಸಿದರು. ಉಸಿರೆಳೆದು ಒಂದು ಕ್ಷಣ ಕಲ್ಲಾದರು.

ಆಮೇಲೆ ನಡೆದದ್ದನ್ನು ಮೆಷಿನ್ ಅಕ್ಕ ಇವತ್ತಿಗೂ ಹೇಳಲು ಹೊರಟು, ಮಾತು ಸಾಲದೆ ಕೈ ಎತ್ತಿ ತೋರಿಸುತ್ತಾಳೆ. ಆ ಮನುಷ್ಯ ಏರಿದ. ನೀರ ಮೇಲೆ ಎಲೆ ಏರುವ ಹಾಗೆ ಏರಿದ. ಆ ಸವೆದ ಮಣಿಕಟ್ಟು, ಆ ಮಡಚದ ಬೆರಳು ಯಾವುದೂ ಅಲ್ಲಿರಲಿಲ್ಲ. ಅವನನ್ನು ಮಂಚಕ್ಕೆ ಇಟ್ಟಾಗ ಹಾಸಿಗೆ ಕಿರ್ ಅಂತಲೂ ಅನ್ನಲಿಲ್ಲ. ನರಳಾಟ ನಿಂತಿತ್ತು, ಅವನು ಮಗುವಿನ ಹಾಗೆ ನಿದ್ದೆ ಹೋಗಿದ್ದ.

ಅಮ್ಮ ಪಕ್ಕಕ್ಕೆ ತಿರುಗಿದಳು. ಬಾಬಿನ್ನು ಪಾದ ಅಗಲಿಸಿ, ಉಸಿರು ಕಟ್ಟಿ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

ಮನೆ ಹತ್ತಿರ ಬಂದಾಗ ಅಮ್ಮ ಗದರಿದಳು. "ಯಾವುದಾದ್ರೂ ಸರಿ ಅಂತ ಯಾಕೇ ಅಂದೆ?"

"ನೀನು ಬೇಡ ಅಂತೀಯ ಅಂತ ಗೊತ್ತಿತ್ತು."

"ಅವರ ಕೈ ನೋಡಿದೆ ತಾನೇ? ಅಂಥಾ ಕೈ ಬೇಕಾ ನಿಂಗೆ?"

"ಎಲ್ಲರ ಮೈಗೂ ಕಿವಿ ಇಟ್ಟೆ. ನಾನು ಎತ್ತೋದನ್ನ ಒಂದ್ಸಲನಾದ್ರೂ ನೋಡಿದೀಯಾ ಅಮ್ಮ?"

ಅಮ್ಮ ನೋಡಿರಲಿಲ್ಲ. ಬೆಳಗಿನ ಹೊತ್ತು ಅಂಗಡಿ ಬಿಟ್ಟು ಬರಲಾಗುವುದಿಲ್ಲ ಅನ್ನುವುದು ಒಂದು ನೆವ. ಕಬ್ಬಿಣ ಮಗಳ ತಲೆಯ ಮೇಲೆ ಬಿದ್ದರೆ ಅನ್ನುವ ಭಯ ನಿಜವಾದ ಕಾರಣ.

ಸೋಮವಾರ ಮೆಟ್ಟಿಲ ಕೆಳಗಿನ ಅಂಗಡಿ ತೆರೆಯಲಿಲ್ಲ. ಅಮ್ಮ ಮಗಳಿಬ್ಬರೂ ಅಪ್ಪನ ಬಸ್ಸಿನಲ್ಲೇ ಹೋಗಿ ಇಳಿದರು. ಭಾರದ ಕೋಣೆಯಲ್ಲಿ ಸುಣ್ಣದ ಪುಡಿಯಂಥ ಬಿಳಿ ಧೂಳು, ರಬ್ಬರಿನ ವಾಸನೆ. ಅಮ್ಮ ಗೋಡೆಗೆ ಬೆನ್ನು ಒತ್ತಿ ನಿಂತಳು. ಮಗಳು ಕೈಗೆ ಪುಡಿ ಹಚ್ಚಿಕೊಂಡು ಬಂದು ಕಬ್ಬಿಣದ ಸಲಾಕೆ ಹಿಡಿದಳು. ಎರಡೂ ತುದಿಯ ಬಿಲ್ಲೆಗಳು ಲಾರಿಯ ಚಕ್ರದಂತೆ ಕಂಡವು. ಒಂದು ನಿಮಿಷ ಸುಮ್ಮನಿರದ ಬಾಬಿನ್ನು ಈಗ ಅಲುಗಾಡಲೇ ಇಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಇಷ್ಟು ಸದ್ದಿಲ್ಲದೆ ನಿಲ್ಲಬಲ್ಲಳು ಅನ್ನುವುದೇ ತಾಯಿಗೆ ಗೊತ್ತಿರಲಿಲ್ಲ.

ಸಲಾಕೆ ನೆಲ ಬಿಟ್ಟಿತು. ಮೊಣಕಾಲು ದಾಟಿತು, ಸೊಂಟ ದಾಟಿತು, ಎದೆಯೆತ್ತರದಲ್ಲಿ ಯಾರೂ ಹಿಡಿದಿಲ್ಲದ ಹಾಗೆ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆ ಗಳಿಗೆಯಲ್ಲಿ ಹುಡುಗಿ ಓಡಿಹೋಗುವ ಬದಲು ಅದರ ಅಡಿಗೇ ನುಗ್ಗಿದಳು, ಕುಕ್ಕರಿಸಿದಳು, ತೋಳು ನೆಟ್ಟಗಾದವು. ಆಮೇಲೆ ಅಷ್ಟೂ ಕಬ್ಬಿಣವನ್ನು ತಲೆಯ ಮೇಲೆ ಹೊತ್ತು ಮೆಲ್ಲಗೆ, ಮೆಲ್ಲಗೆ ಎದ್ದು ನಿಂತಳು. ಗಿಡ್ಡ ಹುಡುಗಿ ಸೂರು ಮುಟ್ಟುವಂತೆ ಕಂಡಳು.

ಧಡ್ ಅಂತ ಸಲಾಕೆ ಕೆಳಗೆ ಬಿತ್ತು. ಕೋಚ್ ಪೆನ್ನು ತೆಗೆದರು. "ಏನಮ್ಮ, ಯಾವ ಆಟ ಬರೀಲಿ?"

ಅಮ್ಮ ಬಾಯಿಯ ಮೇಲಿಂದ ಕೈ ತೆಗೆದಳು.

"ಇನ್ನೊಂದ್ಸಲ ಎತ್ತೇ," ಅಂದಳು.

"ಅವಳಿಗೆ ಸುಸ್ತಾಗುತ್ತೆ. ಮೊದಲು ಇದನ್ನ ಹೇಳಿ."

"ಇದೇ. ಇದನ್ನೇ ಬರೀರಿ ಸರ್." ಆಗಲೇ ಅವಳು ಬಾಗಿಲ ಕಡೆ ಓಡುತ್ತಿದ್ದಳು. "ಆದ್ರೆ ಇನ್ನೊಂದ್ಸಲ ಎತ್ಲೇಬೇಕು. ಇವಳಪ್ಪ ಬಸ್ಸು ನಿಲ್ಲಿಸಿ ಹೊರಗೆ ಟೀ ಕುಡೀತಿದಾರೆ. ಕರ್ಕೊಂಡ್ ಬರ್ತೀನಿ, ಅಲ್ಲೀವರೆಗೂ ಯಾರೂ ಅದನ್ನ ಮುಟ್ಬೇಡಿ!"